ಕಣ್ಣಿಲ್ಲದ ಬನಶಂಕರಿ

ಗೋಣಿಚೀಲ ಬಿಚ್ಚಿ, ಒಳಗಿದ್ದ ಗಾಜಿನ ಪಟವನ್ನು ಲಾಕಪ್ಪಿನ ಸರಳಿಗೆ ಆನಿಸಿ ನಿಲ್ಲಿಸುವಷ್ಟರಲ್ಲಿ ಫೌಜದಾರ ಹೊಳಬಸಪ್ಪನ ಸೊಂಟ ಹಿಡಿದುಕೊಂಡಿತು. ಜೂನ್ ಬಂದು ವಾರವಾದರೂ ಠಾಣೆಯ ಹೆಂಚು ಇನ್ನೂ ಕಾಯುತ್ತಲೇ ಇತ್ತು. ರಿಟೈರಾಗಲು ಇನ್ನು ಹನ್ನೊಂದೇ ತಿಂಗಳು. ಈ ಹನ್ನೊಂದು ತಿಂಗಳಲ್ಲೇ ಒಂದು ಕೊಲೆ ಕೇಸು ಬರಬೇಕೇ, ಬಂದರೂ ಅದು ಗಾಜು, ಬಣ್ಣ, ದೇವರ ಪಟ ಎಂದು ತಲೆ ತಿನ್ನಬೇಕೇ ಎಂದು ಅವನಿಗೆ ಸಿಟ್ಟು. ಯಾರ ಮೇಲಿನ ಸಿಟ್ಟೋ ಅವನಿಗೇ ಗೊತ್ತಿರಲಿಲ್ಲ.

ಸರಳಿನಾಚೆ ಕುಳಿತಿದ್ದ ಹುಚ್ಚೇಶ ತಲೆ ಎತ್ತಲಿಲ್ಲ.

"ನೋಡ್ಲೇ. ನಿಮ್ಮ ಅಜ್ಜಾರು ಕಡೀಕ ಮಾಡಿದ ಪಟ. ಇಷ್ಟ ಮಾಡಾಕ ಎಷ್ಟ ತಾಸು ಹಿಡೀತೈತಿ, ಅದನ್ನ ಹೇಳು."

ಅಜ್ಜಾರು ಎಂದರೆ ಅಮೀನಗಡದ ಸಂಗಯ್ಯ. ನಲವತ್ತು ವರ್ಷ ಗಾಜಿನ ಬೆನ್ನಿಗೆ ದೇವರ ಚಿತ್ರ ಬರೆದು ಹೊಟ್ಟೆ ಹೊರೆದವನು. ತಲೆಯ ಹಿಂಬದಿಗೆ ಪೆಟ್ಟು ತಿಂದು ತನ್ನ ಕೆಲಸದ ಕೋಣೆಯಲ್ಲೇ ಸತ್ತು ಬಿದ್ದಿದ್ದ. ಮಂಗಳವಾರ ಬೆಳಿಗ್ಗೆ ಜನ ನೋಡಿದರು. ಎಂಟು ವರ್ಷದಿಂದ ಅವನ ಶಿಷ್ಯನಾಗಿದ್ದ ಹುಚ್ಚೇಶನನ್ನು ಅದೇ ದಿನ ಹಿಡಿದು ತಂದರು. ಕೋರ್ಟು ಕೊಟ್ಟಿದ್ದ ಕಸ್ಟಡಿ ನಾಳೆಗೆ ಮುಗಿಯುತ್ತದೆ. ನಾಳೆ ಹನ್ನೊಂದಕ್ಕೆ ಬಾಗಲಕೋಟೆಯಲ್ಲಿ ನಿಲ್ಲಿಸಿದರೆ ಅಲ್ಲಿಂದ ಸೀದಾ ಜೈಲು, ಜೈಲಿನಿಂದ ಮುಂದೆಲ್ಲಿಗೆ ಎಂಬುದನ್ನು ಜಡ್ಜ್ ಸಾಹೇಬರೇ ಹೇಳಬೇಕು.

ಆ ಪಟವೇ ಕೇಸಿನ ಗಡಿಯಾರ. ಸಂಗಯ್ಯನ ಮಗಳು ಗುರುಲಿಂಗವ್ವ ಹೇಳಿಕೆ ಕೊಟ್ಟಿದ್ದಳು: ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ತಾನು ಊಟ ಕೊಡಲು ಹೋದಾಗ ಅಪ್ಪ ಕಾಗದದ ನಕ್ಷೆಯನ್ನು ಗಾಜಿನ ಕೆಳಗೆ ಇಟ್ಟುಕೊಂಡಿದ್ದ, ಕುಂಚವನ್ನು ಇನ್ನೂ ಬಣ್ಣಕ್ಕೆ ಅದ್ದಿರಲಿಲ್ಲ. ಹೆಣದ ಪಕ್ಕದಲ್ಲಿ ಸಿಕ್ಕ ಪಟದಲ್ಲಾದರೆ ಬನಶಂಕರಿಯ ಸೀರೆ, ಕಿರೀಟ, ಎಂಟು ಕೈ, ಕೆಳಗಿನ ಸಿಂಹ ಎಲ್ಲಕ್ಕೂ ಬಣ್ಣ ತುಂಬಿತ್ತು. ಕಣ್ಣು ಮಾತ್ರ ಬಾಕಿ. ಏನಿಲ್ಲವೆಂದರೂ ನಾಲ್ಕು ತಾಸಿನ ಕೆಲಸ. ಅಂದರೆ ಮುದುಕ ನಾಲ್ಕರವರೆಗೆ ಬದುಕಿದ್ದ. ನಾಲ್ಕೂಕಾಲಿಗೆ ಹುಚ್ಚೇಶ ಬಸ್ಸಿಳಿದು ಆ ಕೋಣೆಯ ಕಡೆ ಹೋದದ್ದನ್ನು ಕರದಂಟಿನ ಅಂಗಡಿಯವರು ನೋಡಿದ್ದರು. ಬಾಗಿಲು ಹಾಕಿತ್ತು, ಕೂಗಿ ವಾಪಸು ಬಂದೆ ಎಂದು ಇವನ ವಾದ. ಸೆಕೆಯಲ್ಲಿ ಬಿದ್ದಿದ್ದ ಹೆಣ ನೋಡಿ ಡಾಕ್ಟರು ಸೋಮವಾರ ಸತ್ತದ್ದು ಎಂದು ಬರೆದರೇ ಹೊರತು ಹೊತ್ತು ಹೇಳಲು ಅವರಿಗೂ ಆಗಲಿಲ್ಲ.

ಹೊಳಬಸಪ್ಪನಿಗೆ ಚುಚ್ಚುವ ಸಂಗತಿ ಒಂದಿತ್ತು. ಅದೇ ಸೋಮವಾರ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಈ ಹುಚ್ಚೇಶ ಇದೇ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದ. ಅಜ್ಜಾರ ಹಳೆಯ ಪಟಗಳು ಒಂದೊಂದಾಗಿ ಕಾಣೆಯಾಗುತ್ತಿವೆ, ಯಾರೋ ಇಳಕಲ್ಲಿಗೆ ಒಯ್ದು ಅಲ್ಲಿಂದ ಮುಂಬಯಿಗೆ ಸಾಗಿಸುತ್ತಿದ್ದಾರೆ ಎಂದು ತಕರಾರು ಕೊಡಲು ಬಂದಿದ್ದ. ನಾಲ್ಕು ತಾಸು ಕೂರಿಸಿ, ನಾಳೆ ಬಾ ಹೋಗು ಎಂದು ಕಳಿಸಿದವನು ಹೊಳಬಸಪ್ಪನೇ. ಸಾವು ಸಂಜೆ ಆದದ್ದರಿಂದ ಬೆಳಗಿನ ಬೆಂಚಿನ ಮಾತು ಕೇಸಿಗೆ ಬೇಕಾಗಿರಲಿಲ್ಲ. ಬೇಕಾಗಲಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ಸಮಾಧಾನವೂ ಆಗಿತ್ತೆನ್ನಿ.

ಹುಚ್ಚೇಶ ಕೊನೆಗೂ ಎದ್ದು ಸರಳಿನ ಹತ್ತಿರ ಬಂದು ಮಂಡಿಯೂರಿದ. ಪಟವನ್ನು ತಿರುಗಿಸಲು ಹೇಳಿ ಹಿಂಬದಿ ನೋಡಿದ. ಬಣ್ಣ ಅಂಚಿಗೆ ಹರಿದು ದಪ್ಪಗೆ ನಿಂತ ಕಡೆಗಳಲ್ಲಿ ಬೆರಳಾಡಿಸಿದ. ಮತ್ತೆ ಮುಂದಕ್ಕೆ ತಿರುಗಿಸಲು ಹೇಳಿದ. ಬನಶಂಕರಿಯ ಮುಖದಲ್ಲಿ ಮೂಗಿತ್ತು, ನತ್ತಿತ್ತು, ತುಟಿಯಿತ್ತು. ಕಣ್ಣಿರಬೇಕಾದಲ್ಲಿ ನುಣ್ಣಗೆ ಅರಿಶಿನ ಬಣ್ಣ.

"ಇದು ಅಜ್ಜಾರ ಕೈಕೆಲಸ ಅಲ್ರಿ," ಎಂದ. ಮೂರು ದಿನದಲ್ಲಿ ಮೊದಲ ಸಲ ಅವನ ದನಿಗೆ ಜೀವ ಬಂದಿತ್ತು. "ಗಾಜಿನಾಗ ಕಣ್ಣು..."

ಅಲ್ಲಿಗೇ ನಿಂತುಬಿಟ್ಟ. ಏನೋ ನೆನಪಾದವನ ಹಾಗೆ ಪಟವನ್ನೇ ನೋಡಿದ. ಮುಖದ ಮೇಲಿನ ಜೀವ ಬಂದಷ್ಟೇ ಬೇಗ ಇಳಿದುಹೋಯಿತು.

"ಏನಾತೋ? ಕಣ್ಣು ಏನು?"

"ಏನಿಲ್ರಿ. ನಾನ ಕೊಂದೀನಿ. ಪಟಾನೂ ನಾನ ಮಾಡಿಟ್ಟೀನಿ. ಬರಕೋರಿ."

ಜಮಾದಾರ ಕಳಕಪ್ಪನಿಗೆ ಹಬ್ಬ. ಕಾಗದ ಎಲ್ಲಿ, ಶಾಯಿ ಎಲ್ಲಿ ಎಂದು ಓಡಾಡಿ, ಕಾಲು ಗಂಟೆಯಲ್ಲಿ ಹೇಳಿಕೆ ಬರೆದು ಸಹಿ ಮಾಡಿಸಿಯೂ ಬಿಟ್ಟ. ಮುಗೀತ್ರಿ ಸಾಹೇಬ್ರ, ನಾಳೆ ಕೋರ್ಟಿನ ಕೆಲಸ ಹಗುರಾತು ಎಂದು ಅವನ ಖುಷಿ. ಯಾತರಿಂದ ಹೊಡೆದೆ ಎಂದು ಹೊಳಬಸಪ್ಪ ಕೇಳಿದ. ಕಲ್ಲಿನಿಂದ ಎಂದ ಹುಚ್ಚೇಶ. ಹೆಣದ ಪಕ್ಕದಲ್ಲಿ ರಕ್ತ ಹತ್ತಿದ ಚೌಕಟ್ಟಿನ ಸಾಗವಾನಿ ಪಟ್ಟಿ ಸಿಕ್ಕಿತ್ತು. ಇವನಿಗೆ ಅದೂ ಗೊತ್ತಿಲ್ಲ.

ಮೂರು ದಿನ ಗದರಿಸಿದರೂ ಬಗ್ಗದ ಮನುಷ್ಯ, ಒಂದು ಪಟ ನೋಡಿ ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡ. ಸಾಕಪ್ಪ, ಸಹಿ ಆಗಿದೆ, ಮೇಲಿನವರಿಗೂ ಇಷ್ಟೇ ಬೇಕು, ಸುಮ್ಮನೆ ಮನೆಗೆ ಹೋಗಿ ಮಲಗು ಎಂದು ಹೊಳಬಸಪ್ಪನ ಮೈ ಹೇಳಿತು. ಮೈಯ ಮಾತು ಕೇಳಿ ಬೆಂಚಿನ ಮೇಲೆ ಕುಳಿತೂ ಕುಳಿತ. ಅದು ಸೋಮವಾರ ಹುಚ್ಚೇಶ ಕುಳಿತಿದ್ದ ಬೆಂಚು. ಐದು ನಿಮಿಷದಲ್ಲಿ ಎದ್ದು, ಪಟವನ್ನು ಚೀಲಕ್ಕೆ ಹಾಕಿಕೊಂಡು ಜೊತೆಗೆ ಬಾ ಎಂದು ಕಳಕಪ್ಪನಿಗೆ ಹೇಳಿ, ಅಮೀನಗಡದ ಬಸ್ಸು ಎಷ್ಟಕ್ಕೆ ಎಂದು ಕೇಳಿದ. ಜೀಪು ಕೆಟ್ಟು ಹತ್ತು ದಿನವಾಗಿತ್ತು.

ಸಂಗಯ್ಯನ ಕೆಲಸದ ಕೋಣೆ ಮನೆಯ ಹಿತ್ತಲಿನಲ್ಲಿತ್ತು. ಬೀಗ ತೆಗೆದವಳು ಗುರುಲಿಂಗವ್ವ. ನಲವತ್ತೈದರ ಹೆಂಗಸು, ಗಂಡನ ಮನೆ ಬಿಟ್ಟು ಬಂದು ಹದಿನೈದು ವರ್ಷ ಅಪ್ಪನನ್ನು ನೋಡಿಕೊಂಡಿದ್ದಳು. ಸೋಮವಾರ ಮಧ್ಯಾಹ್ನ ಒಂದರಿಂದ ದೀಪ ಹಚ್ಚುವವರೆಗೆ ಪಕ್ಕದ ಸಿದ್ದಲಿಂಗವ್ವನ ಮನೆಯ ತೊಟ್ಟಿಲ ಕಾರ್ಯದಲ್ಲಿ ಇದ್ದಳೆಂದು ಇಪ್ಪತ್ತು ಹೆಂಗಸರು ಹೇಳಿದ್ದರು. ಅಪ್ಪ ರಾತ್ರಿಯೆಲ್ಲ ಕೆಲಸ ಮಾಡಿ ಅಲ್ಲೇ ಮಲಗುವುದು ರೂಢಿ, ಅದಕ್ಕೇ ಬೆಳಗಿನವರೆಗೆ ನೋಡಲಿಲ್ಲ ಎಂದಿದ್ದಳು.

ಹುಚ್ಚೇಶ ಒಪ್ಪಿಕೊಂಡ ಸುದ್ದಿಯನ್ನು ಹೊಳಬಸಪ್ಪ ಹೇಳಿದ. ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಸೆರಗು ಸರಿಮಾಡಿಕೊಂಡು, ಶಿವಾ ಎಂದಳು ಅಷ್ಟೇ.

ಗೋಡೆಗೆ ಆನಿಸಿದ ಗಾಜಿನ ಹಾಳೆಗಳ ನಡುವೆ ಕಾಗದ ಇಟ್ಟಿತ್ತು. ಹೊಳಬಸಪ್ಪ ಒಂದನ್ನೆತ್ತಿ ಬೆಳಕಿಗೆ ಹಿಡಿದ. ಬರೀ ಗಾಜು, ನಡುವೆ ಎರಡು ಕಣ್ಣು. ಮುಖವಿಲ್ಲ, ಮೂಗಿಲ್ಲ, ಏನೇನೂ ಇಲ್ಲ; ರೆಪ್ಪೆ ತಿದ್ದಿದ, ಕರಿಗುಡ್ಡೆ ತುಂಬಿದ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಎರಡನೆಯ ಹಾಳೆಯಲ್ಲೂ ಕಣ್ಣು. ಮೂರನೆಯದರಲ್ಲಿ ಕಣ್ಣು, ಹುಬ್ಬು, ನತ್ತು. ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದುಕೊಂಡು ಅವನು ಗುರುಲಿಂಗವ್ವನ ಕಡೆ ತಿರುಗಿದ.

ಕೇಳುವ ಮೊದಲೇ ಅವಳು ಹೇಳಿದಳು. ಗಾಜಿನ ಹಿಂದೆ ಬರೆದು ಮುಂದಿನಿಂದ ನೋಡುವ ಕೆಲಸ ಇದು. ಮೊದಲು ಬರೆದದ್ದೇ ಎಲ್ಲಕ್ಕಿಂತ ಮುಂದೆ ಕಾಣುತ್ತದೆ. ಆದ್ದರಿಂದ ಕಣ್ಣು ಮೊದಲು, ಆಮೇಲೆ ಒಡವೆ, ಆಮೇಲೆ ಮೈಬಣ್ಣ, ಕಟ್ಟಕಡೆಗೆ ಹಿನ್ನೆಲೆ. ಮುಖಕ್ಕೆ ಬಣ್ಣ ಬಳಿದ ಮೇಲೆ ಕಣ್ಣು ಬರೆದರೆ ಅದು ಬಣ್ಣದ ಹಿಂದೆ ಹೂತು ಹೋಗುತ್ತದೆ, ದೇವರು ಜನ್ಮದಲ್ಲಿ ಕಣ್ಣು ತೆರೆಯುವುದಿಲ್ಲ.

"ಕಣ್ಣು ಕಡೀಕ ಬಿಡಿಸೋರು ಮಣ್ಣಿನ ಕೆಲಸದವ್ರು ನೋಡ್ರಿ," ಎಂದು ಮೆಲ್ಲಗೆ ಸೇರಿಸಿದಳು. "ಕುಂಬಾರ ಮನ್ಯಾಗ ಹುಟ್ಟಿದವ್ರು."

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದದ್ದಕ್ಕೆ, ಅಪ್ಪ ಹೆಣವಾಗಿ ಬಿದ್ದಾಗ ಪಟದ ಕಣ್ಣು ಯಾರು ನೋಡುತ್ತಾರೆ ಎಂದಳು. ಒಪ್ಪಬಹುದಾದ ಮಾತೇ. ಹೊಳಬಸಪ್ಪ ಒಪ್ಪಿದ, ಒಪ್ಪಿದ ಮೇಲೂ ಆ ಮಾತು ಅವನಿಗೆ ಇಳಿಯಲಿಲ್ಲ.

ಹುಚ್ಚೇಶ ಕುಂಬಾರರ ಮಗನೇ. ಆದರೆ ಎಂಟು ವರ್ಷ ಗಾಜಿನಲ್ಲೇ ಪಳಗಿದವನು, ನಿದ್ದೆಗಣ್ಣಿನಲ್ಲೂ ಈ ತಪ್ಪು ಮಾಡಲಾರ. ಪಟ ಮಾಡಿದ್ದು ಅವನಲ್ಲ. ಮಾಡಿದವರು ಯಾರೆಂದು ಅವನಿಗೆ ನೋಡಿದ ಕೂಡಲೇ ಗೊತ್ತಾಗಿದೆ, ಅದಕ್ಕೇ ಬಾಯಿ ಮುಚ್ಚಿಕೊಂಡು ಕೊಲೆಯನ್ನು ಮೈಮೇಲೆ ಎಳೆದುಕೊಂಡ. ಯಾರಿಗಾಗಿ ಒಬ್ಬ ಮನುಷ್ಯ ಅಷ್ಟು ಮಾಡುತ್ತಾನೆ ಎಂಬುದಕ್ಕೆ ಪತ್ತೇದಾರಿಕೆ ಬೇಕಿಲ್ಲ. ಗುರುಲಿಂಗವ್ವನನ್ನು ನೋಡಿಕೊಂಡು ಇಲ್ಲೇ ಇರು ಎಂದು ಕಳಕಪ್ಪನಿಗೆ ಹೇಳಿ ಹೊಳಬಸಪ್ಪ ತಾನೊಬ್ಬನೇ ಹಿಂದಿನ ಓಣಿಯ ಹುಚ್ಚೇಶನ ಮನೆಗೆ ನಡೆದ.

ಹುಚ್ಚೇಶನ ಹೆಂಡತಿ ಲಕ್ಕವ್ವನ ತವರು ಮರೋಳ. ಅಲ್ಲಿನ ಕುಂಬಾರ ಮನೆಯ ಹುಡುಗಿ, ಈಗಲೂ ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜೆಯ ಮಣ್ಣಿನ ಎತ್ತು ಮಾಡಿ ಮಾರುತ್ತಿದ್ದಳು. ಹೊಳಬಸಪ್ಪ ಹೋದಾಗ ಪಡಸಾಲೆಯಲ್ಲಿ ನಲವತ್ತು ಐವತ್ತು ಎತ್ತು ಸಾಲಾಗಿ ಒಣಗುತ್ತಿದ್ದವು. ಸುಣ್ಣ ಬಳಿದು, ಕೊಂಬಿಗೆ ಕೆಂಪು, ಕೊರಳಿಗೆ ಹಸಿರು ಪಟ್ಟಿ. ಒಂದಕ್ಕೂ ಕಣ್ಣಿಲ್ಲ. ಗಂಡ ಲಾಕಪ್ಪಿನಲ್ಲಿದ್ದರೂ ಕೈ ನಿಲ್ಲಿಸುವ ಹಾಗಿಲ್ಲ ಪಾಪ, ಆ ಅಮಾವಾಸ್ಯೆ ಬರುವುದು ವರ್ಷಕ್ಕೊಮ್ಮೆ.

ಅವನು ಗೋಡೆ ಹಿಡಿದು ಕಟ್ಟೆಯ ಮೇಲೆ ಕುಳಿತ. ಇವಕ್ಕೆ ಕಣ್ಣು ಯಾವಾಗ ತಂಗಿ ಎಂದು ಕೇಳಿದ. ಎಲ್ಲಾ ಮುಗಿದ ಮೇಲೆ ರೀ, ಅಮಾಸಿ ಮುಂಜಾನೆ, ಜಳಕ ಮಾಡಿ ಬಿಡಿಸುವುದು ಎಂದಳು ಲಕ್ಕವ್ವ, ಯಾಕೆ ಕೇಳುತ್ತಾನೆಂದು ತಿಳಿಯದೆ.

"ನಿನ್ನ ಗಂಡ ಒಪ್ಪಿಕೊಂಡಾನ," ಎಂದ ಹೊಳಬಸಪ್ಪ. "ಬನಶಂಕರಿ ಪಟ ತೋರಿಸಿದೆ. ನೋಡಿ, ನಾನ ಕೊಂದೀನಿ ಅಂದು ಸಹಿ ಹಾಕಿದ. ಆ ಪಟ ಅಂವಾ ಮಾಡಿದ್ದಲ್ಲ. ಯಾರು ಮಾಡ್ಯಾರಂತ ನೀ ಹೇಳಿದ್ರ ನನಗ ಹೇಳೂ ತ್ರಾಸ ಉಳೀತೈತಿ."

ಲಕ್ಕವ್ವನ ಕೈಯ ಎತ್ತು ನೆಲಕ್ಕೆ ಬಿದ್ದು ಕೊಂಬು ಮುರಿಯಿತು. ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ, ಏನಾದರೊಂದು ಸುಳ್ಳು ಹೆಣೆಯುತ್ತಾಳೆ ಎಂದು ಅವನು ತಯಾರಾಗಿದ್ದ. ಮೂವತ್ತು ವರ್ಷದ ನೌಕರಿಯಲ್ಲಿ ಅವನ್ನೆಲ್ಲ ನೋಡಿ ನೋಡಿ ಸಾಕಾಗಿತ್ತು. ಲಕ್ಕವ್ವ ಹಾಗೇನೂ ಮಾಡದೆ ಕೈಯ ಸುಣ್ಣವನ್ನು ಸೀರೆಗೆ ಒರೆಸಿಕೊಂಡು ಎದುರಿಗೆ ಕುಳಿತಳು. ಬಚ್ಚಿಡುವ ಕೆಲಸ ಅವಳಿಗೂ ಸಾಕಾಗಿತ್ತೆಂದು ಕಾಣುತ್ತದೆ.

"ನಾ ಮಾಡೀನ್ರಿ. ನಮ್ಮನಿಯವ್ರು ಉಳೀಲಿ ಅಂತ ಮಾಡೀನಿ."

ಉಳಿದದ್ದನ್ನು ಒಂದೇ ದನಿಯಲ್ಲಿ ಹೇಳಿದಳು. ಭಾನುವಾರ ಸಂಜೆ ಗುರು ಶಿಷ್ಯರಿಗೆ ಜೋರು ಮಾತಾಗಿತ್ತು. ಪಟದ ಮೂಲೆಯಲ್ಲಿ ತನ್ನ ಹೆಸರೂ ಇರಲಿ ಎಂದು ಹುಚ್ಚೇಶ, ನಾನಿರುವವರೆಗೆ ಆಗದು ಎಂದು ಸಂಗಯ್ಯ. ಸೋಮವಾರ ಎಂಟಕ್ಕೇ ಗಂಡ ಉಣ್ಣದೆ ಎದ್ದು ಹೋದ, ಎಲ್ಲಿಗೆಂದು ಹೇಳಲಿಲ್ಲ. ಹತ್ತು ಗಂಟೆಗೆ ಅವಳು ನೀರಿಗೆ ಹೋದಾಗ ಮುದುಕ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ, ಮಾತಾಡಿಸಿಯೂ ಇದ್ದ. ಅರ್ಧ ತಾಸಿನ ಮೇಲೆ ಅವಳಿಗೆ ಗೊತ್ತಾಯಿತು, ಗಂಡ ಅವನನ್ನು ಹೊಡೆದು ಹಾಕಿ ಓಡಿ ಹೋಗಿದ್ದಾನೆಂದು. ಹೋಗಿ ನೋಡಿದರೆ ಹೌದು, ಮುದುಕ ಬಿದ್ದಿದ್ದ, ಮೇಲೆ ಕಂಬಳಿ ಹೊದಿಸಿತ್ತು.

ಮುದುಕ ಸಂಜೆಯವರೆಗೆ ಕೆಲಸ ಮಾಡಿದ ಹಾಗೆ ಕಾಣಿಸಿದರೆ, ಅಷ್ಟರಲ್ಲಿ ಗಂಡ ಎಲ್ಲೋ ನಾಲ್ಕು ಜನರ ಕಣ್ಣ ಮುಂದೆ ಇದ್ದೇ ಇರುತ್ತಾನೆ, ಪಾರಾಗುತ್ತಾನೆ. ಅದಕ್ಕೇ ಕುಂಚ ಹಿಡಿದಳು. ಕಾಗದದ ನಕ್ಷೆಯ ಮೇಲೆ ಗಾಜು ಇಟ್ಟು ಗೆರೆ ಎಳೆದು, ಅಜ್ಜಾರಿಗೆ ನಾಲ್ಕು ತಾಸು ಹಿಡಿಯುವ ಬಣ್ಣವನ್ನು ಒಂದೂವರೆ ತಾಸಿನಲ್ಲಿ ಒರಟಾಗಿ ತುಂಬಿದಳು. ಮಣ್ಣು ಬಣ್ಣ ಕುಡಿಯುತ್ತದೆ, ಗಾಜು ಕುಡಿಯುವುದಿಲ್ಲ. ಹಚ್ಚಿದ ಬಣ್ಣ ಅಂಚಿಗೆ ಹರಿಯಿತು. ಕಣ್ಣಿಗೆ ಬಂದಾಗ ಮಾತ್ರ ಕೈ ಏಳಲಿಲ್ಲ. ಸತ್ತವರು ಮಲಗಿದ ಜಾಗದಲ್ಲಿ ದೇವರ ಕಣ್ಣು ತೆರೆಸಬಾರದೆಂದು ಅವಳವ್ವ ಹೇಳುತ್ತಿದ್ದಳಂತೆ. ಗಂಡ ನಾಲ್ಕೂಕಾಲಿಗೆ ಅಲ್ಲಿಗೇ ವಾಪಸು ಬರುತ್ತಾನೆಂದು ಅವಳಿಗೇನು ಕನಸು ಬಿದ್ದಿತ್ತೇ? ಎಲ್ಲಿಗೆ ಹೋಗಿದ್ದನೆಂದು ಆ ರಾತ್ರಿ ಅವನೂ ಹೇಳಲಿಲ್ಲ, ಇವಳೂ ಹೆದರಿ ಕೇಳಲಿಲ್ಲ. ಉಳಿಸಲು ಮಾಡಿದ ಪಟವೇ ಅವನನ್ನು ಒಳಗೆ ಹಾಕಿಸಿತು.

ಹೊಳಬಸಪ್ಪ ಮನಸ್ಸಿನಲ್ಲೇ ಹೊತ್ತು ಲೆಕ್ಕ ಹಾಕಿದ. ಮುದುಕನಿಗೆ ಪೆಟ್ಟು ಬಿದ್ದದ್ದು ಹತ್ತು ಹತ್ತೂವರೆಯ ನಡುವೆ. ಆ ಹೊತ್ತಿಗೆ ಹುಚ್ಚೇಶ ಎಲ್ಲಿದ್ದನೆಂದು ಈ ಭೂಮಿಯ ಮೇಲೆ ಯಾರಿಗಾದರೂ ಖಚಿತವಾಗಿ ಗೊತ್ತಿದ್ದರೆ ಅದು ತನಗೆ. ತಕರಾರನ್ನು ಆಗಲೇ ಕೇಳಿದ್ದರೆ, ಒಬ್ಬ ಪೇದೆಯನ್ನು ಜೊತೆಗೆ ಕಳಿಸಿದ್ದರೆ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ತಂಗಿ, ನಿನ್ನ ಗಂಡ ಕೊಂದಿಲ್ಲ. ಸೋಮವಾರ ಒಂಬತ್ತರಿಂದ ಒಂದರ ಮಟ ನನ್ನ ಠಾಣ್ಯಾಗ ಕುಂತಿದ್ದ. ಕುಂದ್ರಿಸಿದಾಂವ ನಾನ."

ಅದು ಅರ್ಥವಾದ ಮೇಲೂ ಅವಳ ಮುಖದಲ್ಲಿ ಸಂತೋಷ ಬರಲಿಲ್ಲ. ನಾಲ್ಕು ದಿನ ಗಂಡನನ್ನು ಕೊಲೆಗಾರನೆಂದು ನಂಬಿ ಅನ್ನ ಬೇಯಿಸಿದವಳು, ನಂಬಿದ್ದು ಸುಳ್ಳೆಂದು ಕೇಳಿ ಇನ್ನಷ್ಟು ಕುಗ್ಗಿದಳು.

"ಮತ್ತ ಅಕಿ ನೋಡೀನಿ ಅಂದ್ಲಲ್ರಿ? ಓಡಿ ಹೋಗೂದನ್ನ ಕಣ್ಣಾರೆ ನೋಡೀನಿ ಅಂದ್ಲಲ್ರಿ?"

"ಯಾರು?"

"ಗುರುಲಿಂಗಕ್ಕ."

ಹತ್ತೂವರೆಗೆ ಓಡಿ ಬಂದು ಕರೆದೊಯ್ದವಳು ಅವಳು. ಅಪ್ಪ ಅಂತೂ ಹೋದ, ಇನ್ನೊಂದು ಮನೆ ಯಾಕೆ ಹಾಳಾಗಬೇಕು, ಹುಚ್ಚೇಶ ನನಗೆ ತಮ್ಮನ ಹಾಗೆ ಎಂದಳಂತೆ. ಲಕ್ಕವ್ವ ಅವಳ ಕಾಲು ಹಿಡಿದು ಅತ್ತಿದ್ದಳು. ಬಣ್ಣ ಕಲಸಿ ಕೈಗೆ ಕೊಟ್ಟವಳೂ ಅವಳೇ. ಲಕ್ಕವ್ವ ಕಣ್ಣು ಬರೆಯದೆ ಮುಖಕ್ಕೆ ಅರಿಶಿನ ಬಣ್ಣ ಬಳಿಯುತ್ತಿದ್ದಾಗ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಗಾಜಿನ ಕೆಲಸದವನ ಮಗಳು ಅದನ್ನು ನೋಡಿಯೂ ತುಟಿ ಬಿಚ್ಚಿರಲಿಲ್ಲ.

ಹೊಳಬಸಪ್ಪನ ಕಣ್ಣ ಮುಂದೆ ಎಲ್ಲ ಬಿಚ್ಚಿಕೊಂಡಿತು. ಕಾಣೆಯಾದ ಹಳೆಯ ಪಟಗಳು, ಹನ್ನೆರಡರ ಊಟದ ಕಟ್ಟುಕತೆ, ಒಂದು ಗಂಟೆಯಿಂದ ತೊಟ್ಟಿಲ ಕಾರ್ಯ, ಇವತ್ತು ತಾನಾಗಿ ಹೇಳಿದ ಕಣ್ಣಿನ ಪಾಠ. ಪಟ ಮಾರಿದವಳೂ ಅದಕ್ಕಾಗಿ ಅಪ್ಪನನ್ನು ಹೊಡೆದವಳೂ ಗುರುಲಿಂಗವ್ವ; ಸಾವನ್ನು ಸಂಜೆಗೆ ತಳ್ಳುವ ಗಡಿಯಾರ ಬೇಕಾಗಿದ್ದದ್ದು ಹುಚ್ಚೇಶನಿಗಲ್ಲ, ಅವಳಿಗೆ. ಲಕ್ಕವ್ವ ಹೇಳಿದ್ದನ್ನು ಬರೆದುಕೊಂಡರೆ ನಾಳೆ ಗಂಡ ಹೊರಗೆ ಬರುತ್ತಾನೆ, ಸಾಕ್ಷ್ಯ ತಿರುಚಿದ್ದಕ್ಕೆ ಹೆಂಡತಿ ಒಳಗೆ ಹೋಗುತ್ತಾಳೆ. ಅದನ್ನೂ ಅವನು ಮುಚ್ಚಿಡದೆ ಹೇಳಿದ.

"ಬರೀರಿ," ಎಂದಳು ಲಕ್ಕವ್ವ. "ಅವ್ರು ಮನಿಗೆ ಬರಲಿ."

ಅವನು ಕಿಸೆಯಿಂದ ಕಾಗದ ತೆಗೆಯುತ್ತಿದ್ದಾಗ ಹೊಸ್ತಿಲ ಮೇಲೆ ನೆರಳು ಬಿತ್ತು. ಗುರುಲಿಂಗವ್ವ ನಿಂತಿದ್ದಳು. ಅವಳ ಹಿಂದೆ ಕಳಕಪ್ಪ. ಇವರು ಬರ್ತೇನಿ ಅಂದ್ರು, ನಾನೂ ಜೊತಿಗೆ ಬಂದೆ ಎನ್ನುವ ಮುಖ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ ಗೊತ್ತಿಲ್ಲ. ಹೆದರಿಕೆ, ಸಿಟ್ಟು ಏನೂ ಅವಳಲ್ಲಿ ಕಾಣಲಿಲ್ಲ. ದೂರದಿಂದ ನಡೆದು ಬಂದವಳ ಹಾಗೆ ಬಾಗಿಲ ಚೌಕಟ್ಟಿಗೆ ಒರಗಿದಳು.

"ಹೇಳೂದಾದ್ರ ಪೂರ್ತಿ ಹೇಳ ಲಕ್ಕವ್ವ," ಎಂದಳು. "ಅರ್ಧಾ ಯಾಕ ಬಿಡ್ತಿ? ಅಪ್ಪಗ ಇನ್ನಾ ಉಸುರ ಐತಿ, ಗಾಡಿ ಕಟ್ಟಿಸಿ ದವಾಖಾನಿಗೆ ಒಯ್ಯೂಣು ಅಂತ ನಾ ಅಂದೆ. ಬ್ಯಾಡ, ಎಚ್ಚರಾದ್ರ ಗಂಡನ ಹೆಸರ ಹೇಳ್ತಾರ ಅಂತ ನನ್ನ ಕೈ ಹಿಡಕೊಂಡಾಕಿ ಯಾರು?"

ಲಕ್ಕವ್ವ ಅದನ್ನು ಸುಳ್ಳು ಎನ್ನಲಿ ಎಂದು ಹೊಳಬಸಪ್ಪ ಕಾದ. ಆ ಒಂದು ಮಾತು ಬಿದ್ದಿದ್ದರೆ ಸಾಕಿತ್ತು, ಉಳಿದದ್ದನ್ನು ಅವನೇ ನೋಡಿಕೊಳ್ಳುತ್ತಿದ್ದ. ಬಿಚ್ಚಿದ ಕಾಗದ ಅವನ ತೊಡೆಯ ಮೇಲಿತ್ತು.

ಲಕ್ಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು.